ಭಾನುವಾರ ರಜೆ ಇರುವ ಭೂಕಂಪ

ನೆಲ ನಡುಗಿದರೆ ಏಕೆ ನಡುಗಿತೆಂದು ತೀರ್ಮಾನಿಸುವ ಅಧಿಕಾರ ಭೂಕಂಪ ಇಲಾಖೆಗೆ ಮಾತ್ರ ಇದೆ, ನೆಲಕ್ಕೆ ಇಲ್ಲ.

ಇಲಾಖೆಯ ಮಾಪಕಾಧಿಕಾರಿಗೆ ಈ ನಿಯಮ ಬಾಯಿಪಾಠ. ಆದರೂ ಅಂದು ಸಂಜೆ ನೆಲ ನಡುಗಿದಾಗ, ಮಾಪನ ಕೇಂದ್ರಗಳ ಯಂತ್ರಗಳು ಬರೆದ ಗೆರೆಗಳನ್ನು ನೋಡಿ ತಡೆಯಲಾರದೆ ನಿರ್ದೇಶಕರ ಕೋಣೆಗೆ ನುಗ್ಗಿದರು.

"ಸಾರ್, ಇದು ಭೂಕಂಪ ಅಲ್ಲ. ಭೂಕಂಪದಲ್ಲಿ ಬಂಡೆ ಜಾರತ್ತೆ, ಒಂದು ಕಡೆ ನೆಲ ನೂಕಿ ಗೆರೆ ಮೇಲಕ್ಕೆ ಹೋಗತ್ತೆ, ಇನ್ನೊಂದು ಕಡೆ ಎಳೆದು ಕೆಳಕ್ಕೆ ಹೋಗತ್ತೆ. ಇಲ್ಲಿ ಎಲ್ಲಾ ಕೇಂದ್ರದಲ್ಲೂ ಗೆರೆ ಮೊದಲು ಮೇಲಕ್ಕೇ ಹಾರಿದೆ. ನೆಲದೊಳಗೆ ಮದ್ದು ಸಿಡಿದು ಸುತ್ತಲಿನ ಕಲ್ಲನ್ನೆಲ್ಲ ಹೊರಕ್ಕೆ ನೂಕಿದೆ. ಸುರಂಗ ಇಲಾಖೆಯವರದೇ ಕೆಲಸ! ನಮ್ಮನೆ ಅಡುಗೆಮನೆ ಗೋಡೆ ಬಿರುಕು ಬಿಟ್ಟಿದೆ, ಸಾರ್."

ನಿರ್ದೇಶಕರು ಚಹಾ ಹೀರಿದರು. "ನೀವು ನೌಕರಿಗೆ ಸೇರಿದಾಗಿಂದ ಇಲ್ಲಿ ಒಂದಾದ್ರೂ ಭೂಕಂಪ ಆಗಿದ್ಯಾ? ಅದಕ್ಕೇ ಇಲಾಖೆ ಮುಚ್ತಾರಂತೆ. ಈಗ ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ತೀರಾ? ಭೂಕಂಪ ಅಂತ ಬರೀರಿ."

"ಮತ್ತೆ ಗೋಡೆ?"

"ಸ್ಫೋಟ ಆಗಿದ್ರೆ ಸುರಂಗದವರು ಕಟ್ಟಿಸಿಕೊಡಬೇಕಿತ್ತು. ಭೂಕಂಪ ಪ್ರಕೃತಿಯ ಲೀಲೆ, ಯಾರನ್ನ ಕೇಳ್ತೀರಿ?"

ಗೋಡೆಯೋ ನೌಕರಿಯೋ ಎಂದು ಒದ್ದಾಡಿ ಅಧಿಕಾರಿ ಸಹಿ ಹಾಕಿದರು. ಬಹಳ ನಾಚಿಕೆಯಾಯಿತು, ಸಂಬಳದ ದಿನ ಹತ್ತಿರವಿದ್ದುದರಿಂದ ಬೇಗ ವಾಸಿಯಾಯಿತು.

ಸುರಂಗದ ಕೆಲಸ ರಜೆಯ ದಿನ ಬಿಟ್ಟು ದಿನವೂ ನಡೆಯಿತು, ಸಂಜೆ ನಾಲ್ಕಕ್ಕೆ ಮದ್ದು ಸಿಡಿಯಿತು. ಇಲಾಖೆ ಪ್ರಕಟಣೆ ಹೊರಡಿಸಿತು: "ಭೂಕಂಪವು ಪ್ರತಿದಿನ ಸಂಜೆ ನಾಲ್ಕಕ್ಕೆ ಸಂಭವಿಸತಕ್ಕದ್ದು. ಭಾನುವಾರಗಳಂದು ಸಂಭವಿಸತಕ್ಕದ್ದಲ್ಲ." ಜನ ನೆಲ ನಡುಗಿದಾಗ ಗಡಿಯಾರ ಸರಿಮಾಡಿಕೊಂಡರು. ಒಮ್ಮೆ ನಡುಕ ತಡವಾದಾಗ, ಇಲಾಖೆಯವರು ನಿದ್ದೆ ಹೊಡೆಯುತ್ತಿದ್ದಾರೆಂದು ದೂರೂ ಬಂತು.

ಅಧಿಕಾರಿಯ ಹೆಂಡತಿ ನಾಲ್ಕಕ್ಕೆ ಮೊದಲೇ ಪಾತ್ರೆಗಳನ್ನು ಕೆಳಗಿಳಿಸುತ್ತಿದ್ದಳು. "ನಿಮ್ಮ ಭೂಕಂಪಕ್ಕೆ ಸ್ವಲ್ಪ ಮೆಲ್ಲಗೆ ಬರೋಕೆ ಹೇಳ್ರೀ. ಬಿರುಕಲ್ಲಿ ಪಕ್ಕದ ಮನೆ ಅಜ್ಜಿ ಕಾಣಿಸ್ತಾರೆ. ಸಾರಿಗೆ ಉಪ್ಪು ಹಾಕಿದ್ಯಾ ಅಂತ ಅಲ್ಲಿಂದಲೇ ಕೇಳ್ತಾರೆ."

ಒಂದು ಭಾನುವಾರ ನೆಲ ಗಡಗಡ ನಡುಗಿತು. ಗೋಡೆ ಪೂರ್ತಿ ಉರುಳಿತು. ಅಧಿಕಾರಿ ಕಚೇರಿಗೆ ಓಡಿ ಗೆರೆ ನೋಡಿದರು: ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ. ಆನಂದದಿಂದ ಕಣ್ಣು ತುಂಬಿ ಬಂತು. ನಿರ್ದೇಶಕರಿಗೆ ಫೋನ್ ಮಾಡಿದರು.

"ಸಾರ್, ಅಪ್ಪಟ ಭೂಕಂಪ!"

"ಇವತ್ತು ರಜೆ, ಕಣ್ರೀ. ಭೂಕಂಪ ಆಗೋ ಹಾಗಿಲ್ಲ. ಸ್ಫೋಟ ಅಂತ ಬರೀರಿ."

ಅಧಿಕಾರಿ ಈ ಸಲ ಒದ್ದಾಡಲಿಲ್ಲ. ಸುರಂಗ ಇಲಾಖೆಯೂ ತಕರಾರು ತೆಗೆಯಲಿಲ್ಲ. ಸ್ಫೋಟ ತನ್ನದೇ ಎಂದು ಒಪ್ಪಿ, ಭಾನುವಾರ ದುಡಿದದ್ದಕ್ಕಾಗಿ ಮನೆಯಲ್ಲಿ ಮಲಗಿದ್ದ ನೌಕರರಿಗೆಲ್ಲ ಹೆಚ್ಚುವರಿ ಭತ್ಯೆ ಕೊಟ್ಟು, ಗೋಡೆಯನ್ನೂ ಕಟ್ಟಿಸಿಕೊಟ್ಟಿತು.

ಹೆಂಡತಿ ಹೊಸ ಗೋಡೆಯನ್ನು ತಟ್ಟಿ ನೋಡಿದಳು. "ಬಚ್ಚಲುಮನೆದೂ ಹಳೇದಾಗಿದೆ. ಬರೋ ಭಾನುವಾರ ಇನ್ನೊಂದು ಇಟ್ಕೊಳ್ಳೋಕೆ ಆಗತ್ತಾ, ಕೇಳಿ ನೋಡ್ರೀ."

ಅಧಿಕಾರಿ ಸೋಮವಾರವೇ ಅರ್ಜಿ ಹಾಕಿದರು.