ಗಾಳಿಯ ಕಣ್ಣಿಗೆ ಬಡಿದಾಡಿದ ಬೀಗರು

ಸಿಂಗಪುರದ ಟ್ಯಾಂಪಿನೀಸಿನ ನಮ್ಮ ಮನೆಗೆ ಮರ್ಯಾದಸ್ಥರು ಯಾರಾದರೂ ಬರುತ್ತಾರೆ ಅಂದರೆ ಸಾಕು, ಅವತ್ತೇ ಏನಾದರೊಂದು ಎಡವಟ್ಟು ಆಗಲೇಬೇಕು. ಮಗಳು ಮೆಚ್ಚಿದ ಹುಡುಗ ತನ್ನ ಅಪ್ಪ ಅಮ್ಮನನ್ನು ಕರೆತಂದ ದಿನವಂತೂ ಕೇಳಲೇಬೇಡಿ. ಅಪ್ಪ ಡೆನ್ಮಾರ್ಕಿನವರು, ಅಮ್ಮ ಐರ್ಲೆಂಡಿನವರು. "ಅಮ್ಮಾ, ಅವರು ಒಪ್ಪಿದರೆ ಎಂಗೇಜ್‌ಮೆಂಟ್ ಫಿಕ್ಸ್ ಲಾ. ಏನೂ ಹಾಳು ಮಾಡಬೇಡಿ, ಪ್ಲೀಸ್" ಎಂದು ಮಗಳು ಗೋಗರೆಯುತ್ತಿದ್ದಳು. ಪಾಪ, ಅವಳಿಗೆ ಜೀವ ಬಾಯಿಗೆ ಬಂದಿತ್ತು.

೧. ಹಿತ್ತಿಲ ಬಾಗಿಲು

ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆಗೆದು ಹಿತ್ತಿಲ ಬಾಗಿಲು ಮುಚ್ಚಬೇಕು, ಇಲ್ಲದಿದ್ದರೆ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಬಿಡುತ್ತಾಳೆ ಎನ್ನುವುದು ನಮ್ಮತ್ತೆಯ ಶಾಸ್ತ್ರ. ಇಷ್ಟೆತ್ತರದ ಫ್ಲ್ಯಾಟಿನಲ್ಲಿ ಹಿತ್ತಿಲು ಎಲ್ಲಿಂದ ತರೋದು? ಊಟದ ಮೇಜಿನ ಪಕ್ಕದ ಕಿಟಕಿಯನ್ನೇ ಹಿತ್ತಿಲ ಬಾಗಿಲು ಮಾಡಿಕೊಂಡಿದ್ದಾರೆ.

ಅತ್ತೆ ದೀಪ ಹಚ್ಚಿ ಕಿಟಕಿ ಮುಚ್ಚಿದರು. ಬೆವರಿ ಒದ್ದೆಯಾಗಿದ್ದ ಬೀಗರು, ಅಂದರೆ ಹುಡುಗನ ಅಪ್ಪ, ನಗುತ್ತಾ ತೆಗೆದರು. ಅತ್ತೆ ನಗುತ್ತಾ ಮುಚ್ಚಿದರು. ಅವರು ಮತ್ತೆ ತೆಗೆದರು. ಕೊನೆಗೆ ನಮ್ಮೆಜಮಾನರು ಲಕ್ಷ್ಮಿಯ ವಿಷಯ ಬಿಡಿಸಿ ಹೇಳಬೇಕಾಯಿತು.

"ಕಿಟಕಿಗೆ ಗ್ರಿಲ್ ಇದೆಯಲ್ಲ, ಹೇಗೆ ಹೋಗ್ತಾಳೆ?" ಎಂದರು ಬೀಗರು, ತುಂಬ ವಿನಯದಿಂದ.

ಯಜಮಾನರು ಅದನ್ನು ಕನ್ನಡದಲ್ಲಿ ಅತ್ತೆಗೆ ತಿಳಿಸಿದರು. ಅತ್ತೆ ಅಂದರು, "ಗ್ರಿಲ್ ಹಾಕಿಸಿರೋದು ಕಳ್ಳರಿಗೆ ಕಣಪ್ಪಾ, ದೇವರಿಗಲ್ಲ!"

೨. ಯಾರ ಕಿಟಕಿ?

ಊಟಕ್ಕೆ ಕೂತರೂ ಬೀಗರ ತಲೆಯಿಂದ ಕಿಟಕಿ ಹೋಗಲಿಲ್ಲ. "ನಮ್ಮ ಭಾಷೆಯಲ್ಲಿ ಇದು ವಿಂದು. ಹಳೇ ಕಾಲದಲ್ಲಿ ಅದಕ್ಕೆ 'ಗಾಳಿಯ ಕಣ್ಣು' ಅಂತ ಅರ್ಥ. ಇಂಗ್ಲಿಷಿನ ವಿಂಡೋ ನಮ್ಮ ಕಡೆಯವರೇ ಕೊಟ್ಟಿದ್ದು" ಎಂದರು.

ಆಹಾ, ಎಂಥಾ ಚಂದದ ಮಾತು ಎಂದುಕೊಂಡೆ. ಅಲ್ಲಿಗೆ ನಿಲ್ಲಿಸಬಾರದಿತ್ತೇ ಆ ಮಹಾನುಭಾವ? "ಕಿಟಕಿಗೆ ಇವಳ ಐರಿಷಿನಲ್ಲಿ ಅನ್ನೋ ಫ್ವಿನ್ಯೋಗ್ ಕೂಡ ನಾವೇ ಕೊಟ್ಟ ಸಾಲ."

ಬೀಗಿತ್ತಿ ಚಮಚ ಕೆಳಗಿಟ್ಟರು. "ಸಾವಿರ ವರ್ಷದ ಹಿಂದೆ ನಿಮ್ಮವರು ಹಡಗಲ್ಲಿ ನಮ್ಮೂರಿಗೆ ಬಂದು ಎಲ್ಲಾ ದೋಚಿಕೊಂಡು ಹೋದರು. ಬಿಟ್ಟುಹೋಗಿದ್ದು ಅದೊಂದೇ ಪದ!"

"ನಾವು ಬರೋ ಮುಂಚೆ ನೀವೆಲ್ಲ ಕತ್ತಲಲ್ಲಿ ಕೂತಿದ್ರಾ?"

ಮಾತಿಗೆ ಮಾತು ಬೆಳೆಯಿತು. ಹುಡುಗ ತಲೆ ತಗ್ಗಿಸಿದ. ರಾಜಿ ಮಾಡಿಸೋಣ ಎಂದು ನಮ್ಮೆಜಮಾನರು ಬಾಯಿ ಹಾಕಿದರು: "ನಮ್ಮ ಗವಾಕ್ಷಿ ಅನ್ನೋ ಪದದಲ್ಲೂ ಕಣ್ಣಿದೆ. ಆದರೆ ಹಸುವಿನ ಕಣ್ಣು..."

ಗಂಡ ಹೆಂಡತಿ ಆ ಸಂಜೆ ಒಮ್ಮತಕ್ಕೆ ಬಂದದ್ದು ಆಗಲೇ. ಇಬ್ಬರೂ ತಿರುಗಿ ಒಟ್ಟಿಗೆ ಹೇಳಿದರು, "ನೀವು ಸ್ವಲ್ಪ ಸುಮ್ಮನಿರಿ!"

೩. ಎಣ್ಣೆಗಾಯಿ

ಮಗಳು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅಳತೊಡಗಿದಳು. "ನಮ್ಮನೇಲೇ ಅವರಿಗೆ ಜಗಳ ಆಯ್ತು. ಇನ್ನೆಲ್ಲಿ ಒಪ್ತಾರೆ?"

ಅಷ್ಟರಲ್ಲಿ ಅತ್ತೆ ಒಳಗೆ ಬಂದರು. ಅವರಿಗೆ ಇಂಗ್ಲಿಷ್ ಬಾರದು. ಇಷ್ಟು ಹೊತ್ತೂ ಬೀಗರ ಎದುರು ಕೂತು ನೋಡುತ್ತಿದ್ದರು ಅಷ್ಟೆ.

"ಯಾಕೇ ಅಳ್ತೀಯಾ? ಬಲು ಒಳ್ಳೇ ಸಂಬಂಧ. ಆಯಪ್ಪನಿಗೆ ಬದನೆಕಾಯಿ ಸೇರಲ್ಲ. ಆಯಮ್ಮ ಬೈತಾ ಬೈತಾನೇ ಅವನ ತಟ್ಟೆಯ ಎಣ್ಣೆಗಾಯೆಲ್ಲ ಎತ್ತಿ ತಾನು ತಿಂದಳು. ನಾವು ಬೇಜಾರು ಮಾಡ್ಕೋಬಾರದು ಅಂತ."

ಮಗಳು ಕಣ್ಣೊರೆಸಿಕೊಂಡು ಹೊರಗೆ ಹೋಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಬೀಗಿತ್ತಿ ಕೆಂಪಾದರು. ಬೀಗರು ತಮ್ಮ ಖಾಲಿ ತಟ್ಟೆ ನೋಡಿ, ಹೆಂಡತಿಯ ಕೈ ಹಿಡಿದುಕೊಂಡರು.

"ಹುಡುಗಿ ನಮಗೆ ಒಪ್ಪಿಗೆ" ಎಂದರು ಬೀಗಿತ್ತಿ. "ಆದರೆ ನಮ್ಮನೇಲಿ ದಿನಾ ಹೀಗೇ ಜಗಳ. ಅಜ್ಜಿಗೆ ಪರವಾಗಿಲ್ವಾ, ಕೇಳಿ."

ಯಜಮಾನರು ಕೇಳಿದರು. ಅತ್ತೆ ಮೊಮ್ಮಗಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಅಂದರು, "ಜಗಳವಾಡದವರ ಮನೆಗೆ ಇವಳನ್ನ ಕೊಟ್ಟರೆ, ಪಾಪ, ಅವರ ಗತಿಯೇನು?"