ಪರೇಲ್ ಕಚೇರಿಯ ಜರಡಿ

ಅಖಿಲ ಭಾರತ ದಾರದ ಉಂಡೆ ನಿಯಂತ್ರಣ ಮಂಡಳಿಯ ಪರೇಲ್ ಕಚೇರಿಗೆ 1992ರಲ್ಲಿ ಬಂದ ಟಪಾಲಿನಲ್ಲಿ ಕೆಲಸಕ್ಕೆ ಬರುವಂಥದ್ದು ಬಹಳ ಕಡಿಮೆಯಿತ್ತೆಂಬುದು ದಾಖಲೆಯಿಂದ ಸಾಬೀತಾದ ಸಂಗತಿ. ಟಪಾಲೆಂದರೆ ಕಾಗದದ್ದಲ್ಲ. ಆ ವರ್ಷ ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಏಸಿ ಕೋಣೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಹಲಗೆ, ಒಳಗೆ ಟೆಲಿಫೋನ್ ತಂತಿಯ ಮೂಲಕ ಬೇರೆ ಶಾಖೆಗಳಿಂದ ಬರುವ ಇ-ಮೇಲ್. ಕಾನ್ಪುರದವರು ಅದರಲ್ಲಿ ಸೀರೆ ಸೇಲಿನ ಸುದ್ದಿ ಕಳಿಸುತ್ತಿದ್ದರು. ಕೊಯಮತ್ತೂರಿನವರು ದೇವರ ಹೆಸರಿನ ಸರಪಳಿ ಪತ್ರ ಕಳಿಸಿ, ಇದನ್ನು ಇಪ್ಪತ್ತೊಂದು ಮಂದಿಗೆ ಕಳಿಸದವರ ಮನೆ ಹಾಳಾಗುವುದೆಂದು ತಿಳಿಸುತ್ತಿದ್ದರು. ಪರೇಲಿನವರಿಗೂ ಮನೆ ಮಠ ಇದ್ದುದರಿಂದ ಅವರೂ ಕಳಿಸುತ್ತಿದ್ದರು.

ಆದಕಾರಣ ಮಂಡಳಿಯು ‘ಅನಪೇಕ್ಷಿತ ಟಪಾಲು ನಿವಾರಣಾ ವ್ಯವಸ್ಥೆ’ಯನ್ನು ಸ್ಥಾಪಿಸಿತು. ಎಲ್ಲರೂ ಅದನ್ನು ಜರಡಿ ಎಂದರು. ಉಸ್ತುವಾರಿ ಸೆಕ್ಷನ್ ಆಫೀಸರ್ ವೆಂಕಟಸುಬ್ಬಯ್ಯನವರದು. ನಂಜನಗೂಡಿನ ಕಡೆಯವರು, ದಹಿಸರಿನ ಒಂದೂವರೆ ಕೋಣೆಯಲ್ಲಿ ಸಂಸಾರ, ಮೈಸೂರು ಶಾಖೆಗೆ ವರ್ಗ ಸಿಗಲೆಂದು ಕಾದು ಕಾದು ತಲೆ ನರೆತವರು. ಹೆಂಡತಿ ರಮಾಮಣಿಯಂತೂ ದೊಡ್ಡ ಕುಕ್ಕರನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹುರಿ ಬಿಗಿದು, ಮೇಲೆ ‘ಮೈಸೂರು’ ಎಂದು ಬರೆದು ಅಟ್ಟಕ್ಕೇರಿಸಿದ್ದರು. ಅಲ್ಲಿಗೆ ಹೋದ ಮೇಲೇ ಅದನ್ನು ಬಿಚ್ಚುವುದೆಂದು ಅವರ ಹಟ.

ಜರಡಿಗೆ ನಿಯಮ ಸೂಚಿಸುವ ಹಕ್ಕು ಪ್ರತಿಯೊಬ್ಬ ಅಧಿಕಾರಿಗೂ ಇತ್ತು. ‘ಸೀರೆ’ ಎಂಬ ಪದವಿದ್ದರೆ ತಿರಸ್ಕರಿಸತಕ್ಕದ್ದು. ‘ಸಭೆ’ ಎಂದಿದ್ದರೆ ತಿರಸ್ಕರಿಸತಕ್ಕದ್ದು. ಲೆಕ್ಕಪತ್ರ ವಿಭಾಗದವರು ‘ವಿವರಣೆ ಕೇಳಲಾಗಿದೆ’ ಎಂಬುದನ್ನು ಸೇರಿಸಿದರು, ಕ್ಯಾಂಟೀನ್ ಸಮಿತಿಯವರು ‘ಜಿರಲೆ’ಯನ್ನು. ವೆಂಕಟಸುಬ್ಬಯ್ಯನವರು ಸೇರಿಸಿದ್ದು ಒಂದೇ: ‘ಮೈಸೂರು’, ‘ವರ್ಗಾವಣೆ’ ಎರಡೂ ಪದಗಳು ಒಟ್ಟಿಗಿರುವ ಪತ್ರವನ್ನು ತಿರಸ್ಕರಿಸತಕ್ಕದ್ದು. ಮೈಸೂರಿನಲ್ಲಿ ಜಾಗ ಖಾಲಿಯೆಂದು ತಿಳಿದರೆ ಅರ್ಜಿ ಹಾಕಲು ಕಚೇರಿಯಲ್ಲಿ ಇನ್ನೂ ನಾಲ್ಕು ಜನ ತುದಿಗಾಲಲ್ಲಿದ್ದರು. ತಮಗಾದರೆ ಮೈಸೂರು ಶಾಖೆಯಲ್ಲೇ ಇದ್ದ ರಮಾಮಣಿಯ ತಮ್ಮ ನಂಜುಂಡ ಫೋನಿನಲ್ಲಿ ಹೇಳುತ್ತಾನೆ. ತಾವೊಬ್ಬರೇ ಅರ್ಜಿ ಹಾಕುವುದು, ಆದೇಶ ಬರುವ ಮೊದಲು ನಿಯಮ ತೆಗೆದುಬಿಡುವುದು. ಇದರಲ್ಲಿ ಮೋಸವೇನೂ ಇಲ್ಲ, ಮುಂದಾಲೋಚನೆ ಅಷ್ಟೆ.

ಜಾಗ ಖಾಲಿಯಾದ ಸುದ್ದಿ ನಂಜುಂಡನಿಂದ ಬಂದು ಅವರ ಅರ್ಜಿಯೂ ದೆಹಲಿಗೆ ಹೋಯಿತು. ಅಷ್ಟರಲ್ಲಿ ನಿಯಮಗಳು ನಾನೂರು ದಾಟಿದವು. ಪ್ರತಿ ಪತ್ರಕ್ಕೂ ಕಂಪ್ಯೂಟರು ಎಲ್ಲ ನಿಯಮಗಳನ್ನೂ ಮೊದಲಿಂದ ಒಂದೊಂದಾಗಿ ಓದಿ, ಅರ್ಥಮಾಡಿಕೊಂಡು, ತಾಳೆ ನೋಡಬೇಕು. ಬೆಳಿಗ್ಗೆ ಬಂದ ಪತ್ರ ಹೊರಬೀಳುವ ಹೊತ್ತಿಗೆ ಎಲ್ಲರೂ ಲೋಕಲ್ ರೈಲು ಹಿಡಿಯಲು ಹೊರಟಿರುತ್ತಿದ್ದರು. ಧಾರವಾಡ ಕಡೆಯ ನಿರ್ದೇಶಕ ಚನ್ನಬಸಯ್ಯನವರು ಪ್ರೋಗ್ರಾಮರ್ ವಿನೋದಿನಿಯನ್ನು ಕರೆಸಿದರು.

“ಕಂಪೈಲ್ ಮಾಡಿದರೆ ಆಯ್ತು ಸರ್,” ಎಂದಳು ಉಡುಪಿಯ ವಿನೋದಿನಿ. “ಎಲ್ಲ ನಿಯಮ ಒಟ್ಟಿಗೆ ರುಬ್ಬಿ ಮಿಷಿನ್ನಿನ ಭಾಷೆಗೆ ಮಾಡಿ ಇಡುವುದು. ಆಮೇಲೆ ಅದು ಒಂದೊಂದೇ ಓದುತ್ತಾ ಕೂರುವುದಿಲ್ಲ.”

“ಹಂಗಾರ ರುಬ್ಬವಾ,” ಎಂದರು ಚನ್ನಬಸಯ್ಯ.

ವಿನೋದಿನಿ ರುಬ್ಬಿದಳು. ರುಬ್ಬಿದ ಹಿಟ್ಟಿನಿಂದ ಉದ್ದು ಆರಿಸಲಿಕ್ಕಾಗುವುದಿಲ್ಲ, ಏನೇ ಬದಲಾಯಿಸಬೇಕಿದ್ದರೂ ಮೂಲ ನಿಯಮಗಳನ್ನು ತಿದ್ದಿ ಮತ್ತೆ ರುಬ್ಬಬೇಕು, ಮೂಲ ಜೋಪಾನ ಎಂದೂ ಹೇಳಿದಳು. ಆದರೆ ಮಂಡಳಿಯ ಕೈಪಿಡಿಯಲ್ಲಿ ಸ್ಪಷ್ಟವಾಗಿತ್ತು: ಶುದ್ಧಪ್ರತಿ ಸಿದ್ಧವಾದ ಮೇಲೆ ಕರಡನ್ನು ನಾಶಪಡಿಸತಕ್ಕದ್ದು. ವೆಂಕಟಸುಬ್ಬಯ್ಯನವರು ತಮ್ಮ ಸೇವೆಯಲ್ಲಿ ಒಂದು ಕರಡನ್ನೂ ಉಳಿಸಿದವರಲ್ಲ. ಅವಳು ಊಟಕ್ಕೆ ಹೋದಾಗ ಚಪ್ಪಲಿ ಬಿಟ್ಟು ಒಳಹೊಕ್ಕು, ಮೂಲ ನಿಯಮಗಳ ಫ್ಲಾಪಿಯನ್ನು ಕತ್ತರಿಸಿ, ಕಂಪ್ಯೂಟರಿನಲ್ಲಿದ್ದುದನ್ನೂ ಅಳಿಸಿ, ‘ಕರಡು ನಾಶಪಡಿಸಲಾಗಿದೆ’ ಎಂದು ಸಹಿ ಹಾಕಿದರು. ತಮ್ಮ ನಿಯಮ ನೆನಪಾದದ್ದು ಸಹಿಯ ಕೆಳಗೆ ತಾರೀಖು ಬರೆಯುವಾಗ.

“ಎಂಥದು ಸರ್ ಇದು?” ವಿನೋದಿನಿ ತಲೆಯ ಮೇಲೆ ಕೈಹೊತ್ತಳು. “ಅದು ಕರಡಲ್ಲ ಮಾರಾಯ್ರೆ, ಅದೇ ಅಸಲು.”

“ಶುದ್ಧಪ್ರತಿ ಇದೆಯಲ್ಲಮ್ಮ,” ಎಂದರು ವೆಂಕಟಸುಬ್ಬಯ್ಯ.

ಹೊಸದಾಗಿ ನಿಯಮ ಬರೆಯಲು ಸಮಿತಿ ಕೂಡಬೇಕಿತ್ತು. ಕರೆಯೋಲೆ ಇ-ಮೇಲಿನಲ್ಲಿ ಹೋಯಿತು, ಅದರಲ್ಲಿ ‘ಸಭೆ’ ಎಂದಿದ್ದುದರಿಂದ ಯಾರಿಗೂ ತಲುಪಲಿಲ್ಲ. ಜರಡಿಯನ್ನು ನಿಲ್ಲಿಸೋಣವೆಂದರೆ ಅದರ ವೇಗವನ್ನು ಆಗಲೇ ದೆಹಲಿಯ ಕೇಂದ್ರ ಕಚೇರಿಗೆ ವರದಿ ಮಾಡಿಯಾಗಿತ್ತು.

ಕೆಲವು ವಾರ ಕಳೆದು ನಂಜುಂಡನ ಫೋನ್ ಮತ್ತೆ ಬಂತು. “ಏನ್ ಭಾವ, ಇನ್ನೂ ಹೊರಟಿಲ್ವಾ? ನಿಮ್ಮ ಆರ್ಡರ್ ದೆಹಲಿ ಬಿಟ್ಟು ಎಷ್ಟು ದಿನ ಆಯ್ತು. ಈ ತಿಂಗಳೊಳಗೆ ಬಂದು ಸೇರ್ಕೊಳ್ದಿದ್ರೆ ಜಾಗ ಬೇರೆಯೋರಿಗಂತೆ.”

ವೆಂಕಟಸುಬ್ಬಯ್ಯ ನಿರ್ದೇಶಕರ ಕೋಣೆಗೆ ಓಡಿದರು.

“ಬಂದಿಲ್ಲಲ್ರೀ ಆರ್ಡರು,” ಎಂದರು ಚನ್ನಬಸಯ್ಯ.

“ಬಂದಿದೆ ಸರ್. ಜರಡಿ ತಿರಸ್ಕರಿಸಿದೆ.”

“ಹಂಗಂದ್ರ ಅದು ಅನಪೇಕ್ಷಿತ.”

“ನನಗೆ ಅಪೇಕ್ಷಿತ ಸರ್.”

“ನಿಮ್ಮ ಅಪೇಕ್ಷಾ ಕೇಳೂ ಪದ್ಧತಿ ಜರಡಿಯೊಳಗ ಇಲ್ಲ. ಹೋಗ್ಲಿ, ಯಾವ ನಿಯಮಕ್ಕ ಬಿತ್ತು? ಯಾರು ಹಾಕಿದ್ದು ಹೇಳ್ರಿ, ಅವರ್ನ ವಿಚಾರಿಸ್ತೇನಿ.”

ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. “ಗೊತ್ತಿಲ್ಲ ಸರ್. ಕರಡು ನಾಶವಾಗಿದೆ.”

“ಅದು ಕ್ರಮಬದ್ಧ ಆತು,” ಎಂದು ಚನ್ನಬಸಯ್ಯ ಮೆಚ್ಚಿದರು.

ದೆಹಲಿಯವರು ಎರಡನೆಯ ಸಲ ಕಳಿಸಿದರು, ಅದೂ ಹೋಯಿತು. ಕಾಗದದಲ್ಲಿ ಕಳಿಸಿರೆಂದು ವೆಂಕಟಸುಬ್ಬಯ್ಯ ಅಂಗಲಾಚಿದರು. ಗಣಕೀಕರಣಗೊಂಡ ಕಚೇರಿಗೆ ಕಾಗದ ಕಳಿಸುವುದು ಹಿಂದಕ್ಕೆ ನಡೆದಂತಾಗುತ್ತದೆಂದು ಉತ್ತರ ಬಂತು. ಮೂರನೆಯ ಸಲ ಕಳಿಸಿದಾಗ ಅವರು ಏಸಿ ಕೋಣೆಯಲ್ಲಿ ಬರಿಗಾಲಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದರು. ‘ಬಂದದ್ದು ಒಂದು, ತಿರಸ್ಕರಿಸಿದ್ದು ಒಂದು’ ಎಂದು ಮೂಡಿತು. ಅವರಿಗೆ ಅಳು ಬಂತು. ಪಕ್ಕದಲ್ಲಿದ್ದ ಚನ್ನಬಸಯ್ಯ, “ಕಣ್ಣು ಮಿಟುಕಿಸೂದ್ರಾಗ ಹೋತು ನೋಡ್ರಿ,” ಎಂದು ಬೆನ್ನು ತಟ್ಟಿದರು.

ತಿಂಗಳು ಮುಗಿದು ಮೈಸೂರಿನ ಜಾಗ ಸೋಲಾಪುರದ ಯಾರಿಗೋ ಹೋಯಿತು. ವರ್ಗಾವಣೆ ರದ್ದಾದ ಆದೇಶವೂ ಬಂತು, ಅದರಲ್ಲೂ ಎರಡೂ ಪದಗಳಿದ್ದುದರಿಂದ ಅದೂ ಜರಡಿಯ ಪಾಲಾಯಿತು. ಹೋಗೆಂಬ ಆದೇಶವೂ ಇರೆಂಬ ಆದೇಶವೂ ಇಲ್ಲದ ವೆಂಕಟಸುಬ್ಬಯ್ಯನವರನ್ನು ಮಂಡಳಿಯು ಜರಡಿಯ ಶಾಶ್ವತ ಉಸ್ತುವಾರಿಯಾಗಿ ನೇಮಿಸಿ ಶಾಲು ಹೊದಿಸಿತು. ಇಂಥವರು ಬಿಟ್ಟುಹೋಗದಂತೆ ವ್ಯವಸ್ಥೆಯೇ ನೋಡಿಕೊಂಡಿದೆ ಎಂದು ನಿರ್ದೇಶಕರು ಭಾಷಣ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ವೆಂಕಟಸುಬ್ಬಯ್ಯನವರೂ ತಟ್ಟಿದರು.

ಸಂಜೆ ದಹಿಸರಿನಲ್ಲಿ ರಮಾಮಣಿ ಅಟ್ಟದಿಂದ ಪೆಟ್ಟಿಗೆ ಇಳಿಸಿ, ಹುರಿ ಕತ್ತರಿಸಿ, ಕುಕ್ಕರ್ ತೊಳೆದು ಬೇಳೆಗಿಟ್ಟರು. ಖಾಲಿ ಪೆಟ್ಟಿಗೆಗೆ ಈರುಳ್ಳಿ ಸುರಿದರು. ‘ಮೈಸೂರು’ ಎಂದು ಬರೆದದ್ದು ಹಾಗೇ ಇತ್ತು.

“ದೇವರು ಕೊಟ್ರೂ ಪೂಜಾರಿ ಕೊಡ ಅಂದ ಹಾಗಾಯ್ತು,” ಎಂದರು. “ಅಲ್ಲಾ, ಅಷ್ಟೊಂದು ನಿಯಮ ಅಂತೀರಲ್ಲ, ಅದರಲ್ಲಿ ನೀವು ಹಾಕಿದ್ದೆಷ್ಟು?”

“ಒಂದೇ.”

“ಅದಾದ್ರೂ ಸರಿಯಾಗಿ ಕೆಲಸ ಮಾಡ್ತಾ?”

“ಮಾಡ್ತು,” ಎಂದರು ವೆಂಕಟಸುಬ್ಬಯ್ಯ, ಶಾಲು ಮಡಿಸುತ್ತ. “ಒಂದು ಸಲವೂ ತಪ್ಪಲಿಲ್ಲ.”