ಬಾ ರಿಜಿಸ್ಟರ್ಡ್!

“ಇನ್ನೊಂದು ವಾರ ನೀ ಬಾಯಿ ತೆರೆಯೂದ ಬ್ಯಾಡ ಅವ್ವಾ. ನಿನ್ನ ಮಾತೆಲ್ಲಾ ನನ್ನ ಫೋನ್ ಆಡ್ತೈತಿ!” ಎಂದು ಐಶ್ವರ್ಯ ತಮ್ಮೂರು ಮೊರಬದಲ್ಲಿ ಬಸ್ಸಿಳಿಯುವ ಮೊದಲೇ ಘೋಷಿಸಿದಳು. ಅರ್ಧ ಬಸ್ಸು ತಿರುಗಿ ನೋಡಿತು.

ಘೋಷಣೆಗೆ ಕಾರಣವಿತ್ತು. ಅವಳ ತಾಯಿ ರೋಹಿಣಿ ಊರ ಶಾಲೆಯ ಟೀಚರು. ನಾಲ್ಕನೇ ಇಯತ್ತೆಯ ಮಕ್ಕಳ ಮೇಲೆ ವರ್ಷಗಟ್ಟಲೆ ಕೂಗಿ ಕೂಗಿ ಗಂಟಲು ಕೈಕೊಟ್ಟಿತ್ತು. “ದನಿಪೆಟ್ಟಿಗೆಗೆ ಬಾವು ಬಂದೈತ್ರಿ. ಒಂದು ವಾರ ಪೂರ್ತಿ ಮೌನ. ಪಿಸುಮಾತೂ ಬ್ಯಾಡ. ಬಾವು ಇಳೀಲಿಲ್ಲಂದ್ರ ಆಪರೇಶನ್” ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಆಪರೇಶನ್ ಎಂಬ ಶಬ್ದಕ್ಕೇ ರೋಹಿಣಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಇತ್ತ ಐಶ್ವರ್ಯ ಕಾಲೇಜಿನಲ್ಲಿ ಓದುತ್ತಿದ್ದುದೇ ವಾಕ್ ಚಿಕಿತ್ಸೆ. ತೊದಲುವವರ, ಮಾತು ಬಾರದವರ, ದನಿ ಕೆಟ್ಟವರ ಮಾತು ಸರಿಪಡಿಸುವ ವಿದ್ಯೆ. ಅವಳ ಫೋನಿನಲ್ಲಿ ಫೋಟೋಗಳಿಗಿಂತ ಆ್ಯಪ್‌ಗಳೇ ಹೆಚ್ಚು. ಗಂಟಲನ್ನು ತಿರುಗಿಸಿ ಒಳಹೊರಗೆಲ್ಲ ತೋರಿಸುವುದೊಂದು, ದನಿಯ ಏರಿಳಿತ ಅಳೆಯುವುದೊಂದು. ಇವುಗಳ ಚಕ್ರವರ್ತಿ ಎಂದರೆ ಮಾತಾಡದ ಪುಟ್ಟ ಮಕ್ಕಳಿಗೆಂದೇ ಮಾಡಿದ ಚಿತ್ರದ ಆ್ಯಪ್. ಚಿತ್ರ ಒತ್ತಿದರೆ ಸಾಕು, ಫೋನು ಮಾತಾಡುತ್ತದೆ!

ಅಪ್ಪ ಈರೇಶನಿಗೆ ಒಂದು ವಾರದ ಮೌನದ ಸುದ್ದಿ ತಿಳಿದಾಗ “ಛೇ ಛೇ, ಎಂಥಾ ಕಷ್ಟ” ಎಂದು ಮುಖ ಸಣ್ಣದು ಮಾಡಿದ. ಆಮೇಲೆ ಹಿತ್ತಲಿಗೆ ಹೋಗಿ ಎಮ್ಮೆಯ ಮೈ ತೊಳೆಯುತ್ತ ಒಂದಿಡೀ ಭಜನೆ ಹಾಡಿ ಮುಗಿಸಿದ.

ಮರುದಿನ ಬೆಳಿಗ್ಗೆ ಗಂಡನ ತಾಟಿಗೆ ರೊಟ್ಟಿ ಹಾಕಿ ರೋಹಿಣಿ ಫೋನು ಒತ್ತಿದಳು. ಬೆಂಗಳೂರಿನ ಹುಡುಗಿಯೊಬ್ಬಳ ಸಕ್ಕರೆ ದನಿ ಹೊರಟಿತು. “ಅಪ್ಪಾ, ತಿನ್ನು!”

ಈರೇಶನ ಕೈ ಬಾಯಿಯ ಹತ್ತಿರವೇ ನಿಂತಿತು. “ಐಶೂ, ನಾ ಯಾವಾಗಿಂದ ನಿಮ್ಮವ್ವಗ ಅಪ್ಪ ಆದೆ?”

“ಸಣ್ಣ ಹುಡುಗರ ಆ್ಯಪ್ ಅಪ್ಪಾ. ಅದರಾಗ ಗಂಡನ ಚಿತ್ರ ಇಲ್ಲ.”

“ಅದು ಹೋಗ್ಲಿ, ‘ತಿನ್ನು’ ಅಂದ್ಲಲ್ಲ! ಲಗ್ನ ಆದಾಗಿಂದ ‘ತಿನ್ರಿ’ ಅಂದಾಕಿ ಆಕಿ. ಬೈಯೂಮುಂದನೂ ‘ನಿಮಗ ಬುದ್ಧಿ ಇಲ್ಲೇನ್ರಿ’ ಅಂತ ರಿ ಹಚ್ಚೇ ಬೈದಾಕಿ!”

ರೋಹಿಣಿಗೆ ನಗು ಬಂತು. ಸದ್ದು ಮಾಡುವಂತಿರಲಿಲ್ಲ, ಭುಜ ಮಾತ್ರ ಕುಣಿದವು.

“ರಿ ಒಂದು ಹಚ್ಚಬೇಕು, ಹೌದಲ್ಲ? ಇದೇನು ಮಹಾ!” ಎಂದು ಐಶ್ವರ್ಯ ಆ್ಯಪಿನಲ್ಲಿ ಹೊಸ ಗುಂಡಿಯೊಂದನ್ನು ಸೃಷ್ಟಿಸಿದಳು. ಟೀಚರ ಮಗಳಲ್ಲವೇ, ‘ರಿ’ ಬರೆದು ಮುಂದೆ ಅಂದವಾಗಿ ಒಂದು ಚುಕ್ಕೆಯನ್ನೂ ಇಟ್ಟಳು. ಒತ್ತಿ ನೋಡುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡಪ್ಪನ ಕೆಮ್ಮು ಕೇಳಿಸಿತು.

ದೊಡ್ಡಪ್ಪ ಎಂದರೆ ಈರೇಶನ ಅಣ್ಣ, ಸಂಶಿಯ ಹೊಳೆಪ್ಪನವರು. ಮರ್ಯಾದೆಯ ವಿಷಯದಲ್ಲಿ ಬಲು ಸೂಕ್ಷ್ಮ. ಎಡಗೈಯಲ್ಲಿ ಚಹಾ ಕೊಟ್ಟರೆ ಕುಡಿಯದೇ ಎದ್ದುಹೋಗುವವರು. ಅವರದೊಂದು ರೈತರ ಸಂಘವಿತ್ತು. ಬೋರ್ಡು ಬರೆಸಿ ತೂಗುಹಾಕಿ ಕಾಲವಾಗಿತ್ತು, ಆದರೆ ಕಚೇರಿಗೆ ಎಷ್ಟು ಅಲೆದರೂ ನೋಂದಣಿ ಆಗಿರಲಿಲ್ಲ. ಊರವರು ಬೇಕೆಂದೇ “ರಿಜಿಸ್ಟರ್ ಆತೇನ್ರಿ?” ಎಂದು ಕೇಳಿ ಅವರನ್ನು ಉರಿಸುತ್ತಿದ್ದರು.

ಭಾವನವರನ್ನು ಕಂಡ ರೋಹಿಣಿ ತಲೆಗೆ ಸೆರಗು ಹೊದ್ದು, ಭಕ್ತಿಯಿಂದ ಮೊದಲು ‘ಬಾ’ ಒತ್ತಿ, ಆಮೇಲೆ ‘ರಿ.’ ಒತ್ತಿದಳು.

“ಬಾ ರಿಜಿಸ್ಟರ್ಡ್!” ಎಂದಿತು ಫೋನು.

ಹೊಳೆಪ್ಪನವರ ಕಾಲು ಹೊಸ್ತಿಲ ಮೇಲೆಯೇ ನಿಂತಿತು. ಐಶ್ವರ್ಯ ಹಣೆ ಚಚ್ಚಿಕೊಂಡಳು. ಸಂಘಗಳ ಹೆಸರಿನ ಕೊನೆಗೆ ಬರೆಯುವ ‘ರಿ.’ ಎಂದು ತಿಳಿದು ಆ ಮಹಾಪಂಡಿತ ಆ್ಯಪ್ ಅದನ್ನು ಬಿಡಿಸಿ ಓದಿತ್ತು! ಗಾಬರಿಯಾದ ರೋಹಿಣಿ ಉಪಚಾರ ಹೆಚ್ಚಿಸಿದಳು.

“ಕುಳಿತುಕೋ ರಿಜಿಸ್ಟರ್ಡ್! ನೀರು ಕುಡಿ ರಿಜಿಸ್ಟರ್ಡ್!”

“ಈರೇಶಾ!” ಹೊಳೆಪ್ಪನವರು ಗುಡುಗಿದರು. “ಊರ ಮಂದಿ ಆಡ್ಕೋತಾರ, ಸಹಿಸ್ಕೊಂಡೇನಿ. ಈಗ ಮನಿ ಸೊಸಿನೂ ಚಾಲೂ ಮಾಡಿದ್ಲೇನು? ಅದೂ ಬಾ, ಕುಡಿ ಅಂತ ಏಕವಚನದಾಗ!”

“ಯಣ್ಣಾ, ಅದು ಫೋನು...”

“ಫೋನಿಗೆ ಕಲಿಸಿದವರು ಯಾರಲೇ?”

ರೋಹಿಣಿ ಗಡಿಬಿಡಿಯಲ್ಲಿ ‘ಬೇಡ’ ಒತ್ತಲು ಹೋಗಿ ಅದರ ಬಾಜುವಿನ ಚಿತ್ರ ಒತ್ತಿ, ಮರ್ಯಾದೆಗೆಂದು ‘ರಿ.’ಯನ್ನೂ ಸೇರಿಸಿದಳು. “ಹೋಗು ರಿಜಿಸ್ಟರ್ಡ್!”

ಹೊಳೆಪ್ಪನವರು ಹೋದರು.

ರೋಹಿಣಿ ಅಂಗಳಕ್ಕೆ ಓಡಿ ಉಸಿರೆಳೆದುಕೊಂಡಳು. ನಾಲ್ಕನೇ ಇಯತ್ತೆಯನ್ನು ಗಪ್‌ಚಿಪ್ ಕೂರಿಸುತ್ತಿದ್ದ ಅದೇ ಉಸಿರು! ಐಶ್ವರ್ಯ ಹಾರಿಬಂದು ತಾಯಿಯ ಬಾಯಿ ಮುಚ್ಚಿದಳು. “ಬ್ಯಾಡವ್ವಾ! ಈಗ ಒದರಿದ್ರ ಆಪರೇಶನ್ನ!” ತಾಯಿಯ ಕಣ್ಣಲ್ಲಿ ನೀರು ನಿಂತಿತ್ತು. ಒಂದು ಕಡೆ ಗಂಟಲು, ಇನ್ನೊಂದು ಕಡೆ ಮುನಿದು ಹೋಗುತ್ತಿರುವ ಭಾವನವರು. ಐಶ್ವರ್ಯಳಿಗೆ ತನ್ನ ತಪ್ಪು ಹೊಳೆಯಿತು. ಒತ್ತಿ ನೋಡದೆ ಕೊಟ್ಟವಳು ತಾನೇ! “ನೀ ಸುಮ್ನಿರು, ನಾ ಒದರ್ತೀನಿ” ಎಂದು ಬೀದಿಗಿಳಿದಳು.

“ದೊಡ್ಡಪ್ಪಾ, ನಿಲ್ರಿ! ಅವ್ವ ಬಾ ಅಂದಿಲ್ರಿ, ಬರ್ರಿ ಅಂದಾಳ್ರಿ! ಅದು ಮರ್ಯಾದಿ ರಿ ರೀ, ರಿಜಿಸ್ಟರ್ ರಿ ಅಲ್ರೀ!”

ನಡುವೆ ಟ್ರ್ಯಾಕ್ಟರೊಂದು ಬಂತು. ಅವಳು ಅದಕ್ಕಿಂತ ಜೋರಾಗಿ ಎಲ್ಲವನ್ನೂ ಮೊದಲಿನಿಂದ ಕೂಗಿದಳು. ಎದುರುಮನೆಯ ಬಾಷಾಬಿ ಹೊರಗೆ ಬಂದು “ಎಷ್ಟು ರಿ ಹಚ್ತೀಬೇ ತಂಗಿ!” ಎಂದು ಬೆರಗಾದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಹೊಳೆಪ್ಪನವರು ನಿಂತರು. ವಿಷಯ ತಲೆಗಿಳಿಯಿತು. ಮೊದಲು ಮೀಸೆ ಅಲುಗಿತು, ಆಮೇಲೆ ಹೊಟ್ಟೆ. “ಕಚೇರಿಯವರ ಕಡೆ ಆಗದ್ದನ್ನ ನಿನ್ನ ಫೋನು ಹೊಸ್ತಿಲದಾಗ ನಿಂದ್ರಿಸಿ ಮಾಡ್ತು ನೋಡು. ನನ್ನನ್ನ ರಿಜಿಸ್ಟರ್ ಮಾಡೇ ಬಿಡ್ತು!” ಎಂದು ನಗುತ್ತ ಹಿಂದಿರುಗಿ, ಬದನೆಕಾಯಿ ಎಣ್ಣೆಗಾಯಿಯ ಜೊತೆ ಬಿಸಿ ರೊಟ್ಟಿ ಉಂಡು ಎಲೆಯಡಿಕೆ ಹಾಕಿಕೊಂಡೇ ಎದ್ದರು.

ಆ್ಯಪ್ ನಿವೃತ್ತಿಯಾಯಿತು. ಉಳಿದ ದಿನಗಳಲ್ಲಿ ಐಶ್ವರ್ಯಳೇ ತಾಯಿಯ ಬಾಯಿ. ರೋಹಿಣಿ ಬೆರಳೆತ್ತಿದರೆ ಸಾಕು, ಮಗಳು ಕೂಗಬೇಕು. “ಅಪ್ಪಾ, ಹಿತ್ತಲ ಬಾಗಲಾ ಹಾಕ್ಲಿಲ್ಲೇನ್ರಿ ಅಂತ!” “ಎಮ್ಮಿಗೆ ನೀರು ಯಾರು ಇಡವರು ಅಂತ!” ದನಿ ಮೆತ್ತಗಾದರೆ ರೋಹಿಣಿ ಕೈ ಮೇಲೆತ್ತಿ, ಇನ್ನೂ ಜೋರು ಎಂದು ಸನ್ನೆ ಮಾಡುತ್ತಿದ್ದಳು.

“ಮೊದಲ ಬೈದು ಬೈದು ದಣೀತಿದ್ಲು” ಎಂದು ಈರೇಶ ಎಮ್ಮೆಯ ಮುಂದೆ ದುಃಖ ತೋಡಿಕೊಂಡ. “ಈಗ ಸಿಟ್ಟು ಒಬ್ಬರದು, ಬಾಯಿ ಇನ್ನೊಬ್ಬರದು. ಯಾರೂ ದಣಿಯೂದ ಇಲ್ಲ!”

ವಾರ ಕಳೆದು ಡಾಕ್ಟರು ರೋಹಿಣಿಯ ಗಂಟಲು ನೋಡಿ, “ಬಾವು ಪೂರ್ತಿ ಇಳದೈತ್ರಿ ಟೀಚರ. ಇನ್ನ ಮಾತಾಡ್ರಿ” ಎಂದರು.

“ಹೌದ್ರಿ?” ಎಂದಳು ರೋಹಿಣಿ. ಹಳೆಯ ದನಿ, ಸ್ವಚ್ಛವಾಗಿ! ಐಶ್ವರ್ಯಳಿಗೆ ಖುಷಿ ಉಕ್ಕಿ ಬಂತು. “ಅವ್ವಾ” ಎನ್ನಲು ಬಾಯಿ ತೆರೆದಳು. ಬಂದದ್ದು ಬರೀ ಗೊರಗೊರ.

ಡಾಕ್ಟರು ಬೆಳಕನ್ನು ಅವಳ ಬಾಯಿಗೆ ತಿರುಗಿಸಿದರು. “ಈಗ ನಿನ್ನ ಪಾಳಿ ಐತೆವಾ. ಒಂದು ವಾರ ಪೂರ್ತಿ ಮೌನ.”

ಐಶ್ವರ್ಯ ಎರಡೂ ಕೈ ಬೀಸಿದಳು. ತಾನು ಓದುವುದೇ ಈ ವಿದ್ಯೆ, ಕಾಲೇಜಿನಲ್ಲಿ ಪರೀಕ್ಷೆಯಿದೆ, ಸುಮ್ಮನಿದ್ದರೆ ಹೇಗೆ ಎಂದು ಕಣ್ಣು, ಹುಬ್ಬು, ಬೆರಳುಗಳಲ್ಲಿ ಗೋಗರೆದಳು.

“ಏನಂತಾಳ್ರಿ?” ಡಾಕ್ಟರು ರೋಹಿಣಿಯನ್ನು ಕೇಳಿದರು.

ರೋಹಿಣಿ ಒಂದು ವಾರ ಕೂಡಿಟ್ಟ ದನಿಯನ್ನೆಲ್ಲ ಸೇರಿಸಿ ಹೇಳಿದಳು: “ಏನಿಲ್ರಿ ಡಾಕ್ಟರ. ಇನ್ನ ಮುಂದ ಅವ್ವಗ ಎದುರು ಮಾತಾಡೂದಿಲ್ಲ ಅಂತಾಳ್ರಿ!”